ಚೀನೀ ವೈದ್ಯ ಪದ್ಧತಿಯ ವಸಂತಕಾಲದ ಆಹಾರ: ಹುಳಿಯನ್ನು ಕಡಿಮೆ ಮಾಡಬೇಕೆನ್ನುವುದು ಏಕೆ?

ಪ್ರಶ್ನೆ (ಹಾಂಗ್‌ಝೌನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಉದ್ಯೋಗದ ನಿಮಿತ್ತ ನಾವು ಚೀನಾದ ಹಾಂಗ್‌ಝೌ ನಗರದಲ್ಲಿ ನೆಲೆಸಿದ್ದೇವೆ. ಇಲ್ಲಿನ ಪಂಚಾಂಗದ ಪ್ರಕಾರ ಫೆಬ್ರವರಿ 4ರ ಸುಮಾರಿಗೆ ಬರುವ ಲಿಚುನ್ ದಿನದಿಂದ ವಸಂತಕಾಲ ಆರಂಭವಾಗುತ್ತದೆ. ಅಂದಿನಿಂದ ನೆರೆಮನೆಯ ಹಿರಿಯರೊಬ್ಬರು ನನ್ನ ಅಡುಗೆಯ ಬಗ್ಗೆ ವಿಶೇಷ ಕಾಳಜಿ ವಹಿಸಿದ್ದಾರೆ. ನಮ್ಮ ಮನೆಯಲ್ಲಿ ದಿನವೂ ಹುಣಸೆಹಣ್ಣು ಹಾಕಿದ ಸಾರೋ ಹುಳಿಯೋ ಇದ್ದೇ ಇರುತ್ತದೆ. ಅದರ ರುಚಿ ನೋಡಿದ ಅವರು, ವಸಂತ ಮುಗಿಯುವ ತನಕ ಹುಳಿಯನ್ನು ತಗ್ಗಿಸಿ ಸಿಹಿಯನ್ನು ಸ್ವಲ್ಪ ಹೆಚ್ಚಿಸಬೇಕು, ಇಲ್ಲವಾದರೆ ಜೀರ್ಣಶಕ್ತಿ ಕೆಡುತ್ತದೆ ಎಂದು ಹೇಳಿದರು.

ನನ್ನ ಗೊಂದಲವೇನೆಂದರೆ, ಚೀನೀ ವೈದ್ಯದ ಪಂಚತತ್ತ್ವಗಳ (ಮರ, ಬೆಂಕಿ, ಮಣ್ಣು, ಲೋಹ, ನೀರು) ಕೋಷ್ಟಕದಲ್ಲಿ ವಸಂತ ಋತು, ಮರದ ತತ್ತ್ವ, ಯಕೃತ್ತು, ಹಸಿರು ಬಣ್ಣ ಮತ್ತು ಹುಳಿ ರುಚಿ ಒಂದೇ ಸಾಲಿನಲ್ಲಿ ಬರುತ್ತವೆ. ಯಕೃತ್ತಿನ ಕಾಲದಲ್ಲಿ ಯಕೃತ್ತಿನ ರುಚಿಯನ್ನೇ ಬಿಡಬೇಕೆನ್ನುವುದು ಹೇಗೆ ಸರಿ? ಇನ್ನು, ನಮ್ಮ ಆಯುರ್ವೇದದಲ್ಲಿ ವಸಂತದಲ್ಲಿ ಸಿಹಿಯನ್ನು ಕಡಿಮೆ ಮಾಡಬೇಕೆಂದು ಕೇಳಿದ್ದೇನೆ. ಇವುಗಳಲ್ಲಿ ಯಾವುದನ್ನು ಅನುಸರಿಸಬೇಕು? ಏಪ್ರಿಲ್‌ನಲ್ಲಿ ಮಾವನವರು ಇಲ್ಲಿಗೆ ಬರಲಿದ್ದಾರೆ. ಅವರಿಗೆ ಹೃದಯದ ಕವಾಟ ಬದಲಾಯಿಸಿದ್ದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ನೆರೆಮನೆಯವರು ಅವರಿಗಾಗಿ ಗೋಜಿ ಎಂಬ ಪುಟ್ಟ ಕೆಂಪು ಹಣ್ಣು ಹಾಕಿದ ಸೇವಂತಿಗೆ ಚಹಾ ಮಾಡಿಕೊಡುವ ಉತ್ಸಾಹದಲ್ಲಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 (ನಾನ್‌ಜಿಂಗ್‌ನಲ್ಲಿ ವೈದ್ಯಶಿಕ್ಷಣ ಪಡೆದವರು)

ಮೇಡಂ, ನಾವು ಅಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಚೀನೀ ಸಾಂಪ್ರದಾಯಿಕ ವೈದ್ಯವೂ ಒಂದು ಪಠ್ಯವಿಷಯವಾಗಿತ್ತು. ನಿಮ್ಮ ನೆರೆಮನೆಯವರು ಹೇಳಿದ್ದು ಅವರ ಸ್ವಂತ ಕಲ್ಪನೆಯಲ್ಲ. ಏಳನೆಯ ಶತಮಾನದಲ್ಲಿ, ಟಾಂಗ್ ರಾಜವಂಶದ ಕಾಲದಲ್ಲಿದ್ದ ಸುನ್ ಸಿಮಿಯಾವ್ ಎಂಬ ಪ್ರಸಿದ್ಧ ವೈದ್ಯನ ಹೆಸರಿನಲ್ಲಿ ಬಂದಿರುವ ಉಪದೇಶ ಅದು. ಹುಳಿಯನ್ನು ತಗ್ಗಿಸಿ, ಸಿಹಿಯನ್ನು ಹೆಚ್ಚಿಸಿ, ಗುಲ್ಮದ (ಪ್ಲೀಹದ, ಈ ಪದ್ಧತಿಯ ಪ್ರಕಾರ ಜೀರ್ಣಕ್ರಿಯೆಯನ್ನು ನಡೆಸುವ ಅಂಗದ) ಶಕ್ತಿಯನ್ನು ಪೋಷಿಸಬೇಕು ಎಂಬುದು ಅದರ ಸಾರ.

ನೀವು ನೋಡಿದ ಕೋಷ್ಟಕ ಸರಿಯಾಗಿಯೇ ಇದೆ, ಆದರೆ ಅದು ಅರ್ಧ ಮಾತ್ರ. ಐದು ತತ್ತ್ವಗಳು ಒಂದನ್ನೊಂದು ಪೋಷಿಸುವಂತೆಯೇ ಒಂದನ್ನೊಂದು ಹತ್ತಿಕ್ಕುತ್ತವೆ ಎಂಬುದು ಈ ಪದ್ಧತಿಯ ನಂಬಿಕೆ. ಮರವು ಮಣ್ಣನ್ನು ಹತ್ತಿಕ್ಕುತ್ತದೆ, ಮಣ್ಣಿನ ತತ್ತ್ವಕ್ಕೆ ಸೇರಿದ್ದು ಗುಲ್ಮ ಮತ್ತು ಜಠರ. ವಸಂತದಲ್ಲಿ ಯಕೃತ್ತಿನ ಶಕ್ತಿ ಋತುಬಲದಿಂದ ತಾನಾಗಿಯೇ ಮೇಲೇರಿರುತ್ತದೆ. ಅದಕ್ಕೆ ಮತ್ತಷ್ಟು ಹುಳಿ ಸೇರಿದರೆ ಯಕೃತ್ತು ಮಿತಿಮೀರಿ ಗುಲ್ಮವನ್ನು ಪೀಡಿಸುತ್ತದೆ, ಆಗ ಹೊಟ್ಟೆಯುಬ್ಬರ, ಅರುಚಿ, ಸಡಿಲ ಮಲ ಕಾಣಿಸಿಕೊಳ್ಳುತ್ತವೆ ಎಂದು ಅವರು ವಿವರಿಸುತ್ತಾರೆ. ಹುಳಿಗೆ ಒಳಕ್ಕೆ ಎಳೆದು ಹಿಡಿಯುವ ಗುಣವಿದೆಯೆಂದೂ, ಹೊರಕ್ಕೆ ಹರಡಿಕೊಳ್ಳಬೇಕಾದ ಋತುವಿಗೆ ಅದು ಒಗ್ಗದೆಂದೂ ಇನ್ನೊಂದು ಕಾರಣವನ್ನು ಕೊಡುವುದುಂಟು. ಸಿಹಿಯ ಗುಂಪಿಗೆ ಸಕ್ಕರೆ ಮಿಠಾಯಿಗಳನ್ನು ಸೇರಿಸಿಕೊಳ್ಳಬೇಡಿ. ನವಣೆ ಗಂಜಿ, ಸಿಹಿಗುಂಬಳ, ಕ್ಯಾರೆಟ್, ಒಣಗಿಸಿದ ಕೆಂಪು ಬೋರೆಹಣ್ಣು, ನಮ್ಮ ಹೆಗ್ಗೆಣಸಿನ ಕುಲಕ್ಕೆ ಸೇರಿದ ಶಾನ್‌ಯಾವ್ ಗೆಡ್ಡೆ ಇಂಥವನ್ನು ಆ ಗುಂಪಿನಲ್ಲಿ ಎಣಿಸುತ್ತಾರೆ.

ಈ ಪದ್ಧತಿಯ ಮೂಲಗ್ರಂಥವಾದ, ಸುಮಾರು ಎರಡು ಸಾವಿರ ವರ್ಷ ಹಿಂದಿನ 'ಹುವಾಂಗ್‌ದಿ ನೇಜಿಂಗ್'ನ ಮೊದಲ ಭಾಗದ ಎರಡನೆಯ ಅಧ್ಯಾಯದಲ್ಲಿ ವಸಂತಚರ್ಯೆಯ ವರ್ಣನೆಯಿದೆ. ತಡವಾಗಿ ಮಲಗಿ ಬೇಗ ಏಳಬೇಕು, ಅಂಗಳದಲ್ಲಿ ಧಾರಾಳವಾಗಿ ಅಡ್ಡಾಡಬೇಕು, ಕೂದಲನ್ನು ಬಿಚ್ಚಿ ಮೈಯನ್ನು ಸಡಿಲಗೊಳಿಸಬೇಕು, ಕೊಡಬೇಕೇ ಹೊರತು ಕಸಿಯಬಾರದು, ಮೆಚ್ಚಬೇಕೇ ಹೊರತು ದಂಡಿಸಬಾರದು ಎಂದೆಲ್ಲ ಅಲ್ಲಿ ಹೇಳಿದೆ. ಸ್ವಾರಸ್ಯವೆಂದರೆ ಆ ಭಾಗದಲ್ಲಿ ಒಂದೇ ಒಂದು ತಿನಿಸಿನ ಹೆಸರೂ ಇಲ್ಲ. ಇಂದು ಅಂತರ್ಜಾಲದಲ್ಲಿ ವಸಂತದ ಹೆಸರಿನಲ್ಲಿ ಬರುವ ಆಹಾರಪಟ್ಟಿಗಳನ್ನು ಓದುವಾಗ ಇದು ನೆನಪಿರಲಿ. ಇವೆಲ್ಲ ಆ ಪದ್ಧತಿಯ ಒಳಗಿನ ತರ್ಕವೇ ಹೊರತು, ರಕ್ತಪರೀಕ್ಷೆಯಲ್ಲಿ ಕಾಣುವ ಯಕೃತ್ತಿನ ವಿಚಾರವಲ್ಲ. ಸಾರು ತಿಂದು ನಿಮ್ಮ ಹೊಟ್ಟೆ ನೆಮ್ಮದಿಯಾಗಿದ್ದರೆ ಹುಣಸೆಹಣ್ಣಿಗೆ ಹೆದರಬೇಕಾದ ಕಾರಣ ನನಗೆ ತೋರುವುದಿಲ್ಲ.

ಉತ್ತರ 2 (ಆಯುರ್ವೇದ ವೈದ್ಯರು, ಉಡುಪಿ)

ಸಿಹಿಯ ವಿಷಯದಲ್ಲಿ ತಾವು ಕೇಳಿರುವುದು ನಿಜ. ಆಯುರ್ವೇದದ ಪ್ರಾಚೀನ ಗ್ರಂಥವಾದ ಅಷ್ಟಾಂಗಹೃದಯದ ಮೊದಲ ವಿಭಾಗ ಸೂತ್ರಸ್ಥಾನದಲ್ಲಿ ಋತುಚರ್ಯೆಗೆ ಮೀಸಲಾದ ಮೂರನೆಯ ಅಧ್ಯಾಯವು, ಶಿಶಿರದಲ್ಲಿ ಸಂಚಯವಾದ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಕುಂದಿಸುತ್ತದೆಯೆಂದು ಹೇಳಿ, ಗುರು (ಜಡ), ಶೀತ, ಸ್ನಿಗ್ಧ (ಜಿಡ್ಡಿನ), ಆಮ್ಲ (ಹುಳಿ) ಹಾಗೂ ಮಧುರ (ಸಿಹಿ) ಪದಾರ್ಥಗಳನ್ನೂ ಹಗಲುನಿದ್ದೆಯನ್ನೂ ಬಿಡಬೇಕೆಂದು ವಿಧಿಸುತ್ತದೆ. ಹಳೆಯ ಜವೆಗೋಧಿ, ಗೋಧಿ, ಜೇನುತುಪ್ಪ, ವ್ಯಾಯಾಮ ಇವು ಪಥ್ಯ. ಹೀಗಾಗಿ ಹುಳಿಯ ವಿಷಯದಲ್ಲಿ ಎರಡೂ ಪದ್ಧತಿಗಳ ಅಭಿಪ್ರಾಯ ಒಂದೇ. ಸಿಹಿಯ ವಿಷಯದಲ್ಲಿ ಮಾತ್ರ ನೇರ ವಿರೋಧವಿದೆ.

ಎರಡಕ್ಕೂ ಇರುವ ಆತಂಕ ವಸಂತದಲ್ಲಿ ಪಚನಶಕ್ತಿ ಕುಗ್ಗುವುದೆಂಬುದೇ. ಅವರು ಅದಕ್ಕೆ ಯಕೃತ್ತಿನ ಒತ್ತಡ ಕಾರಣವೆಂದು ಭಾವಿಸಿ ಸೌಮ್ಯವಾದ ಸಿಹಿಯಿಂದ ಆಸರೆ ಕೊಡುತ್ತಾರೆ, ನಾವು ಕಫ ಕಾರಣವೆಂದು ಭಾವಿಸಿ ಕಫವನ್ನು ಹೆಚ್ಚಿಸುವ ಸಿಹಿಯನ್ನು ದೂರವಿಡುತ್ತೇವೆ. ಎರಡನ್ನೂ ಬೆರೆಸಿ ಒಂದು ನಿಯಮ ಮಾಡಿಕೊಂಡರೆ ಎರಡಕ್ಕೂ ಅರ್ಥವಿರುವುದಿಲ್ಲ, ಆದ್ದರಿಂದ ಒಂದನ್ನು ಹಿಡಿಯುವುದು ಲೇಸು. ಇನ್ನೊಂದು ಮಾತು ನಮ್ಮೂರಿನಲ್ಲಿ ಇದನ್ನು ಓದುವವರಿಗಾಗಿ. ಚೀನೀ ವಸಂತ ಮೇ 5ರ ಸುಮಾರಿಗೆ ಮುಗಿಯುತ್ತದೆ; ಆ ಲೆಕ್ಕಾಚಾರ ಹುಟ್ಟಿದ್ದು ಫೆಬ್ರವರಿಯಲ್ಲಿ ಇನ್ನೂ ಚಳಿ ಕೊರೆಯುವ ಹಳದಿ ನದಿಯ ಬಯಲಿನಲ್ಲಿ. ವಸಂತದಲ್ಲಿ ಮೈಯನ್ನು ಬೆಚ್ಚಗಿಡಿ, ಬೆಚ್ಚನೆಯ ಗುಣದ ಈರುಳ್ಳಿ ಸೊಪ್ಪು, ಶುಂಠಿ ತಿನ್ನಿ ಎಂಬ ಸಲಹೆಯನ್ನು ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಪಾಲಿಸಿದರೆ ಆಗುವುದು ಸಂಕಟವೇ.

ಉತ್ತರ 3 (ಸುಝೌನಲ್ಲಿ ಬಹುಕಾಲ ಇದ್ದವರು)

ತತ್ತ್ವವನ್ನು ಹಿರಿಯರು ಹೇಳಿದ್ದಾರೆ, ನಾನು ಅಡುಗೆಮನೆಯ ಮಾತು ಹೇಳುತ್ತೇನೆ. ನೀವು ಇರುವ ಊರಿನ ತರಕಾರಿ ಸಂತೆಗೆ ಮಾರ್ಚ್‌ನಲ್ಲಿ ಹೋಗಿ ನೋಡಿ. ಜಿತ್ಸಾಯ್ ಎಂಬ ಕಾಡುಸೊಪ್ಪು ರಾಶಿ ಬಿದ್ದಿರುತ್ತದೆ. ಅಲ್ಲಿಯವರು ಅದನ್ನು ಸಣ್ಣಗೆ ಹೆಚ್ಚಿ ತೋಫು (ಸೋಯಾ ಹಾಲಿನ ಪನೀರ್) ಜೊತೆ ಗಟ್ಟಿ ಸೂಪ್ ಮಾಡುತ್ತಾರೆ. ನಾನು ಹೆಸರುಬೇಳೆ ಹಾಕಿ, ಇಂಗು ಜೀರಿಗೆಯ ಒಗ್ಗರಣೆ ಕೊಟ್ಟು ತೊವ್ವೆ ಮಾಡುತ್ತಿದ್ದೆ. ಹುಣಸೆಹಣ್ಣಿನ ಪ್ರಶ್ನೆಯೇ ಬರುವುದಿಲ್ಲ, ನೆರೆಮನೆಯವರಿಗೂ ಸಮಾಧಾನ.

ವಸಂತದ ಎಳೆ ಬಿದಿರಿನ ಚಿಗುರನ್ನು, ಅಂದರೆ ನಮ್ಮ ಕಳಲೆಯನ್ನು, ತಪ್ಪದೆ ತನ್ನಿ. ಮಲೆನಾಡಿನಲ್ಲಿ ಮಳೆಗಾಲದ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿಡುವ ಕ್ರಮವಿದೆಯಲ್ಲವೇ? ಅಲ್ಲಿಯವರು ಅಷ್ಟು ಕಾಯುವುದಿಲ್ಲ. ಮೇಲಿನ ಹಾಳೆಗಳನ್ನೆಲ್ಲ ಸುಲಿದು, ಒಳಗಿನ ಬಿಳಿಯ ದಿಂಡನ್ನು ಹೋಳು ಮಾಡಿ, ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಒಗ್ಗರಣೆಗೆ ಹಾಕುತ್ತಾರೆ. ಆ ನೀರನ್ನು ಚೆಲ್ಲಲೇಬೇಕು. ಅನಂತರ ಬರುವುದು ಶಿಯಾಂಗ್‌ಚುನ್, ಒಂದು ಮರದ ಕೆಂಪನೆಯ ಚಿಗುರು. ಕಟ್ಟು ಪುಟ್ಟದು, ಬೆಲೆ ದೊಡ್ಡದು. ಚೀನೀ ಪಂಚಾಂಗದಲ್ಲಿ ಏಪ್ರಿಲ್ 20ರ ಸುಮಾರಿಗೆ ಬರುವ ಗುಯು ದಿನ ಕಳೆದರೆ ಚಿಗುರು ನಾರಾಗುತ್ತದೆ ಎನ್ನುತ್ತಾರೆ. ಕುದಿನೀರಿಗೆ ಹಾಕಿದ ಕೂಡಲೇ ಕೆಂಪೆಲ್ಲ ಹೋಗಿ ಹಸಿರಾಗುತ್ತದೆ. ಒಂದು ನಿಮಿಷದಲ್ಲಿ ತೆಗೆದು, ಹೆಚ್ಚಿ, ತೋಫು ಅಥವಾ ಮೊಟ್ಟೆಯ ಜೊತೆ ಬೆರೆಸಬೇಕು. ಮೈ ಕಡಿತ, ಅಲರ್ಜಿ ಇರುವವರು ಬಿದಿರಿನ ಚಿಗುರು, ಶಿಯಾಂಗ್‌ಚುನ್, ಕಡಲಮೀನುಗಳನ್ನು ವಸಂತದಲ್ಲಿ ತಿನ್ನಬಾರದೆಂದು ಅಲ್ಲಿಯವರು ಹೇಳುತ್ತಾರೆ, ಅವು ಅಡಗಿರುವ ಕಾಯಿಲೆಯನ್ನು ಕೆದಕುತ್ತವಂತೆ.

ಏಪ್ರಿಲ್ 5ರ ಸುಮಾರಿನ ಚಿಂಗ್‌ಮಿಂಗ್ ಹಬ್ಬಕ್ಕೆ ಎಲ್ಲ ಅಂಗಡಿಗಳಲ್ಲೂ ಹಸಿರು ಬಣ್ಣದ ಚಿಂಗ್‌ತುವಾನ್ ಉಂಡೆಗಳು ಬರುತ್ತವೆ. ಅಂಟಕ್ಕಿ ಹಿಟ್ಟಿಗೆ ಸೊಪ್ಪಿನ ರಸ ಕಲಸಿ, ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ್ದು. ರುಚಿಯಾಗಿರುತ್ತದೆ, ಆದರೆ ಬಹಳ ಜಡ. ಮಾವನವರಿಗೆ ಅರ್ಧ ಉಂಡೆ ಸಾಕು.

ಉತ್ತರ 4 (ಹೃದ್ರೋಗ ವಿಭಾಗದ ವೈದ್ಯರು, ಮೈಸೂರು)

ಮಾವನವರ ಬಗ್ಗೆ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರಿಸದಿರುವುದರಿಂದ ಬರೆಯುತ್ತಿದ್ದೇನೆ. ಗೋಜಿ ಹಣ್ಣಿನ ಚಹಾ ಬೇಡ. ವಾರ್ಫರಿನ್ ಸೇವಿಸುವವರಲ್ಲಿ ಗೋಜಿಯಿಂದ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತೋರುವ ಪರೀಕ್ಷೆಯ ಅಂಕ) ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಚೀನೀ ಮನೆಗಳಲ್ಲಿ ಸೂಪಿಗೆ ಸಾಮಾನ್ಯವಾಗಿ ಹಾಕುವ ದಾಂಗ್‌ಗುಯ್ ಬೇರು, ಹೃದಯಕ್ಕೆ ಒಳ್ಳೆಯದೆಂದು ಮಾರುವ ದಾನ್‌ಶೆನ್ ಬೇರು ಇವುಗಳೂ ಅದೇ ಅಪಾಯದವು, ಆದ್ದರಿಂದ ಹೊರಗೆ ಸೂಪ್ ಕುಡಿಯುವ ಮುನ್ನ ಅದರಲ್ಲಿ ಏನಿದೆಯೆಂದು ವಿಚಾರಿಸಿ.

ಸೊಪ್ಪಿನ ವಿಷಯ ಇದಕ್ಕೆ ವಿರುದ್ಧ ದಿಕ್ಕಿನದು. ಹಸಿರು ಸೊಪ್ಪುಗಳಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪು ನಿಷಿದ್ಧವೇನಲ್ಲ, ಆದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರಲಿ. ವಸಂತವೆಂದು ದಿನಕ್ಕೆ ಎರಡು ಹೊತ್ತು ಜಿತ್ಸಾಯ್ ತೊವ್ವೆ ಬೇಡ. ಹೊರಡುವ ಮೊದಲು ಒಮ್ಮೆ, ತಲುಪಿದ ಒಂದು ವಾರದೊಳಗೆ ಇನ್ನೊಮ್ಮೆ ಐ.ಎನ್.ಆರ್. ಪರೀಕ್ಷೆ ಮಾಡಿಸಿ, ಮಾತ್ರೆಯ ಪ್ರಮಾಣವನ್ನು ಅವರ ವೈದ್ಯರನ್ನು ಕೇಳದೆ ಬದಲಿಸಬೇಡಿ. ಯಕೃತ್ತಿಗೆ ಹಿತವೆಂದು ಅಂಗಡಿಯಲ್ಲಿ ಕೊಡುವ ಪೊಟ್ಟಣಗಳಿಂದ ನೀವೂ ದೂರವಿರಿ. ಕೂದಲಿಗೂ ಯಕೃತ್ತಿಗೂ ಪುಷ್ಟಿಯೆಂದು ಹೆಸರಾದ ಹೆಶೌವು ಎಂಬ ಬೇರಿನಿಂದಲೇ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಚೀನಾದಲ್ಲಿಯೇ ಸಾಕಷ್ಟು ವರದಿಯಾಗಿವೆ.