ಪದ ಬೇಕು, ತುರ್ತು: ಜೀವಕೋಶ ಬೆಳೆಸುವ ‘ಸ್ಕ್ಯಾಫೋಲ್ಡ್’

ನಮಸ್ಕಾರ. ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನವಿದೆ, ನಾಳೆ ಬೆಳಿಗ್ಗೆ ಬ್ಯಾನರ್ ಅಚ್ಚಿಗೆ ಹೋಗಬೇಕು. ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ: ‘ಬಯೋಡಿಗ್ರೇಡಬಲ್ ಪಾಲಿಮರ್ ಸ್ಕ್ಯಾಫೋಲ್ಡಿನಲ್ಲಿ ಜೀವಕೋಶಗಳು ಬೆಳೆದು ಹೊಸ ಅಂಗಾಂಶವಾಗುತ್ತವೆ.’ (ಪಾಲಿಮರ್ ಎಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು; ಬಯೋಡಿಗ್ರೇಡಬಲ್ ಎಂದರೆ ಮೈಯಲ್ಲಿ ತಾನಾಗಿ ಒಡೆದುಹೋಗುವಂಥದ್ದು.) ಚರ್ಮ, ಎಲುಬಿನ ಪ್ರೋಟೀನಾದ ಕೊಲಾಜನ್, ರೇಷ್ಮೆಯ ಫೈಬ್ರಾಯಿನ್, ಸಿಗಡಿ ಚಿಪ್ಪಿನ ಕೈಟೊಸಾನ್, ಕೃತಕವಾದ ಪಿ.ಎಲ್.ಎ. (ಪಾಲಿಲ್ಯಾಕ್ಟಿಕ್ ಆಮ್ಲ), ಎಲ್ಲದರಿಂದಲೂ ಕೋಶಗಳ ಈ ಆಸರೆಯ ಚೌಕಟ್ಟನ್ನು ಮಾಡುತ್ತಾರೆ. ಸ್ಕ್ಯಾಫೋಲ್ಡಿಗೆ ಸದ್ಯಕ್ಕೆ ‘ಸಾರುವೆ’ ಎಂದು ಬರೆದಿದ್ದೇನೆ. ಬಯೋಡಿಗ್ರೇಡಬಲ್‌ಗೆ ‘ಜೈವಿಕ ವಿಘಟನೀಯ’ ಹಾಕಲು ಮನಸ್ಸು ಬರುತ್ತಿಲ್ಲ, ಓದುವವರು ಹಳ್ಳಿ ಶಾಲೆಯ ಎಂಟನೇ ತರಗತಿಯ ಮಕ್ಕಳು.

ಸಾಗರದಿಂದ:
ಸಾರುವೆ ಬೇಡ. ಅದು ಗೋಡೆಯ ಹೊರಗೆ ನಿಲ್ಲುವುದು, ಗಾರೆ ಮುಗಿದರೆ ಬಿಚ್ಚುವುದು. ಇಲ್ಲಿ ಕೋಶ ಸಂದುಗಳಲ್ಲಿ ಹೊಕ್ಕು ಹಬ್ಬುತ್ತದೆ. ‘ಹಂದರ’ ಎನ್ನಿ. ಹಳಗನ್ನಡದ ಪಂದರ್, ತಮಿಳಿನ ಪಂದಲ್ ಅದರ ಒಡಹುಟ್ಟುಗಳು. ಮಲ್ಲಿಗೆ ಹಂದರ, ಎಲುಬಿನ ಹಂದರ ಎರಡೂ ಬಳಕೆಯಲ್ಲಿವೆ. ಯಾರಾದರೂ ಚಪ್ಪರ ಎನ್ನುವ ಮೊದಲೇ ಹೇಳುತ್ತೇನೆ: ಹಿಂದಿಯಲ್ಲೂ ಛಪ್ಪರ್ ಇದೆ, ಅದು ನಮ್ಮದು ಎಂದು ನನಗೆ ಅನಿಸುವುದಿಲ್ಲ.

ತೀರ್ಥಹಳ್ಳಿಯಿಂದ:
ಹಂದರ ಸರಿ. ಚಪ್ಪರದ ಮಾತು ಒಪ್ಪಲಾರೆ ಮಾರಾಯರೇ. ಅಜ್ಜನ ಕಾಲದಿಂದ ಅಂಗಳದಲ್ಲಿ ಅಡಿಕೆ ಚಪ್ಪರ ಹಾಕುವವರಿಗೆ ಅದು ಹೊರಗಿನ ಪದ ಹೇಗಾದೀತು?
ಇನ್ನೊಂದು ಪದ, ಬಯೋಡಿಗ್ರೇಡಬಲ್ ಬಗ್ಗೆ. ಆಸ್ಪತ್ರೆಯಲ್ಲಿ ‘ಕರಗುವ ಹೊಲಿಗೆ’ ಅನ್ನುತ್ತಾರೆ. ಆದರೆ ಸಕ್ಕರೆ ಕರಗಿದರೂ ಸಕ್ಕರೆಯೇ. ಪಿ.ಎಲ್.ಎ. ಹಾಗಲ್ಲ. ನೀರು ಅದರ ಸರಪಳಿಯನ್ನು ಕಡಿದು ಕಡಿದು ಕೊನೆಗೆ ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ, ನಮ್ಮ ಸ್ನಾಯುವಿನಲ್ಲೂ ಹುಟ್ಟುವ ಆಮ್ಲವೇ ಅದು, ಮೈ ಅದನ್ನು ಬಳಸಿಕೊಳ್ಳುತ್ತದೆ. ಕೊಲಾಜನ್ನನ್ನು ಕಿಣ್ವಗಳು ಕತ್ತರಿಸುತ್ತವೆ. ಉಂಡ ಅನ್ನಕ್ಕೆ ಆಗುವುದೂ ಹೆಚ್ಚುಕಡಿಮೆ ಇದೇ. ಊಟ ಅರಗಿತು ಎನ್ನುವ ನಮಗೆ ‘ಮೈಯಲ್ಲಿ ಅರಗುವ’ ಸಾಲದೇ?

ಹೊಸನಗರದಿಂದ:
ಸಾಲದು. ಅರಗು ಎಂದರೆ ಲಾಕ್ಷಾ, ಅರಗಿನ ಮನೆಯ ಅರಗು. ವಿಜ್ಞಾನಕ್ಕೆ ನಿಖರತೆ ಬೇಕು, ವಿಘಟನೀಯವೇ ಇರಲಿ. ಪಾಲಿಮರ್ ಮಾತ್ರ ಯಾಕೆ ಹಾಗೇ ಬಿಟ್ಟಿರಿ? ಹಿಂದಿಯವರು ಬಹುಲಕ ಮಾಡಿಕೊಂಡಿದ್ದಾರೆ.

ತೀರ್ಥಹಳ್ಳಿಯಿಂದ:
ಅರಗಿನ ಮನೆಯದು ನಾಮಪದ, ಊಟ ಅರಗುವುದು ಕ್ರಿಯಾಪದ. ಎಂಟನೇ ತರಗತಿಯ ಮಕ್ಕಳಿಗೆ ಇದರಲ್ಲಿ ಗೊಂದಲವಾಗದು. ನಿಖರತೆಯ ವಿಷಯಕ್ಕೆ ಬಂದರೆ, 1833ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಪಾಲಿಮರ್ ಎಂಬ ಪದ ಕಟ್ಟಿದ್ದು ಈ ಅರ್ಥಕ್ಕಲ್ಲ. ಉದ್ದ ಸರಪಳಿಯ ಅಣು ಎಂಬ ವಿಚಾರ ಮುಂದಿಟ್ಟವರು ಜರ್ಮನಿಯ ರಸಾಯನ ವಿಜ್ಞಾನಿ ಸ್ಟೌಡಿಂಗರ್, 1920ರಲ್ಲಿ. ಅರ್ಥ ಬಳಕೆಯಿಂದ ಕೂಡಿತು. ಅರಗುವುದಕ್ಕೂ ಹಾಗೇ ಕೂಡುತ್ತದೆ. ಬಹುಲಕ ಇಲ್ಲಿ ಯಾರ ಬಾಯಲ್ಲೂ ಇಲ್ಲ, ಬೇಡ.

ಶಿವಮೊಗ್ಗದಿಂದ:
ಎಲ್ಲರಿಗೂ ಕೃತಜ್ಞತೆ. ‘ಮೈಯಲ್ಲಿ ಅರಗುವ ಪಾಲಿಮರ್ ಹಂದರದಲ್ಲಿ ಜೀವಕೋಶಗಳು ಹಬ್ಬಿ ಹೊಸ ಅಂಗಾಂಶವಾಗುತ್ತವೆ’ ಎಂದು ತಿದ್ದಿದೆ. ಎರಡನೇ ಬ್ಯಾನರಿಗೆ ‘ಹೈಡ್ರೊಜೆಲ್’ಗೆ, ಅಂದರೆ ನೀರನ್ನು ಹಿಡಿದಿಟ್ಟುಕೊಂಡ ಮೆತ್ತನೆಯ ಪಾಲಿಮರ್ ಜಾಲಕ್ಕೆ, ಕನ್ನಡ ಪದ ಬಾಕಿ ಇದೆ. ದಾಸವಾಳದ ಸೊಪ್ಪಿನ ಲೋಳೆ ನೆನಪಾಯಿತು, ಆದರೆ ಕಡಲಪಾಚಿಯ ಆಲ್ಜಿನೇಟ್ ಕ್ಯಾಲ್ಸಿಯಂ ಸೋಕಿದ ಕೂಡಲೇ ಗಟ್ಟಿಯಾಗಿ ನಿಲ್ಲುತ್ತದೆ, ಲೋಳೆಯಂತೆ ಹರಿಯುವುದಿಲ್ಲ. ಅಚ್ಚಿನ ಅಂಗಡಿ ಬಾಗಿಲು ತೆಗೆಯುವುದರೊಳಗೆ ಯಾರಾದರೂ ಹೇಳಿ.