ಸಹಾಯ ಬೇಕು: ಮಾಜಿ ಸೈನಿಕರ ಪೆನ್ಷನ್ ಕೆಲ್ಸಕ್ಕೆ ಕೈ ಜೋಡ್ಸೋರು, ಸೋಮವಾರಪೇಟೆ ಕಡೆ

ಎಲ್ರಿಗೂ ನಮಸ್ಕಾರ. ನಾವು ಕೆಲವರು ಸೇರ್ಕೊಂಡು ಕೊಡಗಲ್ಲಿ ಮಾಜಿ ಸೈನಿಕರು, ಅವರ ಮನೆಯವರಿಗೆ ಪೆನ್ಷನ್ ಪೇಪರ್ ಕೆಲ್ಸ ಮಾಡ್ಕೊಡ್ತೀವಿ, ದುಡ್ಡೇನೂ ತಗೊಳಲ್ಲ. ಮುಂಚೆ ಬ್ಯಾಂಕಿಗೆ ಹೋಗಿ ಸೈನ್ ಹಾಕಿದ್ರೆ ಮುಗೀತಿತ್ತು, ಈಗ ಎಲ್ಲಾ ಸ್ಪರ್ಶ್ ಅನ್ನೋ ಸೇನೆ ಪೆನ್ಷನ್ ವೆಬ್‌ಸೈಟಿಗೆ ಹೋಗಿದೆ, ವರ್ಷಕ್ಕೊಂದ್ಸಲ ಜೀವನ್ ಪ್ರಮಾಣ್ (ಬದುಕಿದ್ದೀವಿ ಅನ್ನೋ ಸರ್ಟಿಫಿಕೇಟ್) ಕೊಡ್ಲಿಲ್ಲ ಅಂದ್ರೆ ಪೆನ್ಷನ್ ನಿಂತೋಗುತ್ತೆ. ತೋಟದಲ್ಲಿ ದುಡಿದು ಬೆರಳಿನ ಗೆರೆನೇ ಸವೆದಿರೋ ಅಜ್ಜಂದಿರಿಗೆ ಥಂಬ್ ತಗೊಳೋದೇ ಇಲ್ಲ, ಮೊಬೈಲಲ್ಲಿ ಮುಖ ತೋರ್ಸಿ ಮಾಡೋದು 2021ರಿಂದ ಇದೆ, ಆದ್ರೆ ಅದನ್ನ ಹೇಳ್ಕೊಡೋರು ಬೇಕಲ್ಲ, ಮಳೆಗಾಲದಲ್ಲಿ ನೆಟ್‌ವರ್ಕ್ ಕಥೆ ಕೇಳ್ಲೇಬೇಡಿ.

ಸ್ಮಾರ್ಟ್‌ಫೋನ್ ಚೆನ್ನಾಗಿ ಬರೋ, ಸ್ವಂತ ಬೈಕೋ ಜೀಪೋ ಇರೋ ಹುಡುಗ್ರು ಹುಡುಗೀರು ಭಾನುವಾರ ಅರ್ಧ ದಿನ ಬಂದ್ರೆ ಸಾಕು. ಓಟಿಪಿ, ಪಾಸ್‌ವರ್ಡ್ ಬರ್ದಿಟ್ಕೊಳೋ ಹಾಗಿಲ್ಲ, ಅದೊಂದು ಸ್ಟ್ರಿಕ್ಟ್.

ಇನ್ನೊಂದು, ತೀರ್ಕೊಂಡ ಹವಾಲ್ದಾರ್ ಒಬ್ಬರ ಹೆಂಡ್ತಿ ಹೆಸ್ರು ಡಿಸ್ಚಾರ್ಜ್ ಬುಕ್ಕಲ್ಲಿ (ಸೇನೆಯಿಂದ ಬಿಡುವಾಗ ಕೊಡೋ ದಾಖಲೆ ಪುಸ್ತಕ) ಒಂಥರ, ಆಧಾರಲ್ಲಿ ಇನ್ನೊಂಥರ ಇದೆ, ಫ್ಯಾಮಿಲಿ ಪೆನ್ಷನ್ ಅಲ್ಲೇ ಸಿಕ್ಕಾಕೊಂಡಿದೆ. ಸಿಕಂದರಾಬಾದಿನ ಇಎಂಇ ರೆಕಾರ್ಡ್ಸ್ (ಸೇನೆಯ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್‌ಗಳ ವಿಭಾಗದ ದಾಖಲೆ ಆಫೀಸ್) ಜೊತೆ ಇಂಥ ಕರೆಕ್ಷನ್ ಮಾಡ್ಸಿದವ್ರು ಯಾರಾದ್ರೂ ಇದ್ದೀರಾ, ಯಾವ ಯಾವ ಪೇಪರ್ ಕಳ್ಸಿದ್ರಿ? ಮಡಿಕೇರಿ ಸೈನಿಕ ಕಲ್ಯಾಣ ಆಫೀಸಿಗೆ ಹೋಗೋ ಮುಂಚೆ ಎಲ್ಲಾ ರೆಡಿ ಮಾಡ್ಕೊಳೋಣ ಅಂತ. ಆ ಅಮ್ಮಂಗೆ ಓಡಾಡೋಕಾಗಲ್ಲ, ಹಳೇ ವೀಲ್‌ಚೇರ್ ಇದ್ರೂ ಹೇಳಿ, ನಾವೇ ಬಂದು ತಗೊಂಡೋಗ್ತೀವಿ. ಗೊತ್ತಿರೋರು ಇನ್‌ಬಾಕ್ಸ್‌ಗೆ ಬನ್ನಿ, ಅವರ ಡೀಟೇಲ್ಸ್ ಇಲ್ಲಿ ಹಾಕಲ್ಲ.