ಕಾಂಟ್ರಾಕ್ಟರ್ ಕಳಿಸಿದ ಇನ್ಶೂರೆನ್ಸ್ ಸರ್ಟಿಫಿಕೇಟ್ ಸಾಕಾ?

ಪ್ರಶ್ನೆ: ಸರ್, ಮನೆಯ ಹಳೇ ಛಾವಣಿ ಬಿಚ್ಚಿಸಿ ಹೊಸದು ಹಾಕಿಸುತ್ತಿದ್ದೇನೆ. ಕಾಂಟ್ರಾಕ್ಟರ್ "ನಮಗೆ ಇನ್ಶೂರೆನ್ಸ್ ಇದೆ, ತಲೆ ಕೆಡಿಸ್ಕೋಬೇಡಿ" ಅಂತ ಒಂದು ಪುಟದ ಸರ್ಟಿಫಿಕೇಟ್ ಕಳಿಸಿದ್ದಾರೆ. ಅದರಲ್ಲಿ ನನ್ನ ಹೆಸರೂ ಇದೆ. ಕೆಲಸದವರು ಬಿದ್ದು ಪೆಟ್ಟಾದರೆ ನನ್ನ ತಲೆ ಮೇಲೆ ಬರುತ್ತಾ?

ವಿಮಾ ಸಲಹೆಗಾರ: ಬರಬಹುದು ಮೇಡಂ. ಕಾಂಟ್ರಾಕ್ಟರ್ ಹತ್ತಿರ ಕಾರ್ಮಿಕರ ಪರಿಹಾರ ವಿಮೆ ಇಲ್ಲದಿದ್ದರೆ, ಎಷ್ಟೋ ಕಡೆ ಕಾನೂನಿನ ಪ್ರಕಾರ ಗಾಯಗೊಂಡವರು ಕೆಲಸ ಕೊಟ್ಟ ಮನೆ ಮಾಲೀಕರನ್ನೇ ಪರಿಹಾರ ಕೇಳಬಹುದು. ಅವರು ಕಳಿಸಿದ್ದು ಬರೀ ಲಯಬಿಲಿಟಿ ಪಾಲಿಸಿಯದ್ದಾ ನೋಡಿ. ಅದು ಹೊರಗಿನವರಿಗೆ, ಅವರ ಆಸ್ತಿಗೆ ಆಗುವ ಹಾನಿಗೆ. ಕಾಂಟ್ರಾಕ್ಟರ್‌ನ ಸ್ವಂತ ಕೆಲಸಗಾರರ ಗಾಯ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಎರಡೂ ಬೇಕು.

ಇನ್ನು ಸರ್ಟಿಫಿಕೇಟ್ ವಿಷಯ. ಅದನ್ನು ಕೊಟ್ಟ ದಿನ ಪಾಲಿಸಿ ಇತ್ತು ಅನ್ನುವುದಷ್ಟೇ ಅದು ಹೇಳುತ್ತದೆ. ಆಮೇಲೆ ಪ್ರೀಮಿಯಂ ಕಟ್ಟದೆ ಪಾಲಿಸಿ ರದ್ದಾದರೂ ನಿಮಗೆ ಗೊತ್ತಾಗದೇ ಹೋಗಬಹುದು. ಆದ್ದರಿಂದ ವಿಮಾ ಕಂಪನಿಗೆ ನೀವೇ ಫೋನ್ ಮಾಡಿ, ಪಾಲಿಸಿ ನಂಬರ್ ಹೇಳಿ ವಿಚಾರಿಸಿ. ಸರ್ಟಿಫಿಕೇಟ್ ಮೇಲಿರುವ ಫೋನ್ ನಂಬರ್ ಬೇಡ, ಕಂಪನಿಯ ವೆಬ್‌ಸೈಟ್‌ನಲ್ಲಿರುವುದನ್ನೇ ತೆಗೆದುಕೊಳ್ಳಿ.

ನಿಮ್ಮ ಹೆಸರು ಇದೆ ಅಂದಿರಲ್ಲ, ಯಾವ ಜಾಗದಲ್ಲಿ? "ಸರ್ಟಿಫಿಕೇಟ್ ಹೋಲ್ಡರ್" ಅನ್ನುವ ಚೌಕದಲ್ಲಿದ್ದರೆ ಕಾಗದ ಯಾರಿಗೆ ಕೊಟ್ಟಿದ್ದು ಅಂತ ಅಷ್ಟೇ ಅರ್ಥ, ರಕ್ಷಣೆ ಏನೂ ಸಿಗುವುದಿಲ್ಲ. ನಿಮ್ಮನ್ನು "ಅಡಿಷನಲ್ ಇನ್ಶೂರ್ಡ್" (ಅದೇ ಪಾಲಿಸಿಯಲ್ಲಿ ರಕ್ಷಣೆ ಸಿಗುವ ಇನ್ನೊಬ್ಬರು) ಅಂತ ಸೇರಿಸಿದ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ ಕಾಗದದ ಪ್ರತಿ ಕೇಳಿ. ಆಗ ಅವರ ಕೆಲಸದಿಂದಾದ ಹಾನಿಗೆ ಪಕ್ಕದ ಮನೆಯವರು ನಿಮ್ಮ ಮೇಲೆ ಕೇಸ್ ಹಾಕಿದರೂ ಅವರ ವಿಮಾ ಕಂಪನಿ ಸಾಮಾನ್ಯವಾಗಿ ನಿಮ್ಮ ಪರ ನಿಲ್ಲುತ್ತದೆ.

ಛಾವಣಿ ಕೆಲಸಕ್ಕೆ ಇನ್ನೊಂದು ಮುಖ್ಯ ವಿಷಯ. ಬಿಚ್ಚಿಟ್ಟ ಛಾವಣಿಯಿಂದ ಮಳೆ ನೀರು ಒಳಗೆ ಬಂದು ಸಾಮಾನು ಹಾಳಾದರೆ ಕೊಡುವುದಿಲ್ಲ ಅಂತ ಕೆಲವು ಪಾಲಿಸಿಗಳಲ್ಲಿ ಬರೆದಿರುತ್ತದೆ. ಇಂತಿಷ್ಟು ಎತ್ತರದ ಮೇಲಿನ ಕೆಲಸ, ಬೆಂಕಿ ಬಳಸಿ ಮಾಡುವ ಕೆಲಸ ಇವಕ್ಕೂ ಷರತ್ತು ಇರಬಹುದು. ಪಾಲಿಸಿ ಏನೇನಕ್ಕೆ ಹಣ ಕೊಡುವುದಿಲ್ಲ ಅಂತ ಬರೆದಿರುವ ಪುಟವನ್ನು ಕೇಳಿ ಪಡೆದು ಓದಿ. ಕಳಪೆ ಕೆಲಸವನ್ನು ಮತ್ತೆ ಮಾಡಿಸುವ ಖರ್ಚನ್ನು ಸಾಮಾನ್ಯವಾಗಿ ಯಾವ ಲಯಬಿಲಿಟಿ ಪಾಲಿಸಿಯೂ ಕೊಡುವುದಿಲ್ಲ. ಅದಕ್ಕೇ ಕೊನೆ ಕಂತಿನ ಹಣವನ್ನು ಕೆಲಸ ಪರೀಕ್ಷಿಸುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯರು: ಅವರು ಕೆಲಸವನ್ನು ಬೇರೆ ಮೇಸ್ತ್ರಿಗೆ ಕೊಟ್ಟುಬಿಟ್ಟರೆ? ನಮ್ಮ ಮನೆ ವಿಮೆ ಇದೆಯಲ್ಲ, ಅದು ಸಾಲದಾ?

ವಿಮಾ ಸಲಹೆಗಾರ: ಆ ಮೇಸ್ತ್ರಿಯ ವಿಮೆಯನ್ನೂ ಕೇಳಬೇಕು. ನಿಮಗೆ ತಿಳಿಸದೆ ಬೇರೆಯವರಿಗೆ ಕೆಲಸ ಕೊಡುವ ಹಾಗಿಲ್ಲ ಅಂತ ಕರಾರಿನಲ್ಲೇ ಬರೆಸಿ. ಮನೆ ವಿಮೆಯನ್ನು ಸುಮ್ನೆ ನಂಬಬೇಡಿ. ದೊಡ್ಡ ರಿಪೇರಿ ಅಂತ ಕೆಲಸ ಶುರುವಾಗುವ ಮೊದಲೇ ನಿಮ್ಮ ಕಂಪನಿಗೆ ಬರೆದು ತಿಳಿಸಿ. ರಿಪೇರಿಗೋಸ್ಕರ ಮನೆ ಖಾಲಿ ಮಾಡಿದರೆ 30 ಅಥವಾ 60 ದಿನ ದಾಟಿದ ಮೇಲೆ ರಕ್ಷಣೆ ಕಡಿಮೆ ಮಾಡುವ ಪಾಲಿಸಿಗಳು ಬಹಳ ಇವೆ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಎಂಡಾರ್ಸ್‌ಮೆಂಟ್ ಎಲ್ಲ ಆಗಲ್ಲ ಅಂದರೆ?

ವಿಮಾ ಸಲಹೆಗಾರ: ಅದಕ್ಕೆ ಪ್ರೀಮಿಯಂ ಜಾಸ್ತಿ ಆದರೆ ನಾನೇ ಕೊಡುತ್ತೇನೆ ಅನ್ನಿ ಮೇಡಂ. ಆಗಲೂ ವಿಮಾ ಕಂಪನಿಯನ್ನು ಕೇಳುವುದಕ್ಕೇ ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ, ಬೇರೆಯವರನ್ನು ನೋಡಿ.